ಸಮಪಾಲಿನ ಗುಳಿಗೆ

ಫೆಬ್ರವರಿ ೯

ಮೊಂಡಿ,

ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ನಮ್ಮಿಬ್ಬರಿಗೂ ಜಗಳ ಆಗುತ್ತದೆ. ನೀನು ಇಡುತ್ತೀಯ, ಇಲ್ಲ ನಾನು ಇಡುತ್ತೇನೆ. ಆಮೇಲೆ ಅಮ್ಮ ಅಡುಗೆಮನೆಯಿಂದ "ಆಯ್ತಾ ಇವತ್ತಿಂದು?" ಅಂತ ಕೇಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಕಿರುಚಲು ಆಗುವುದಿಲ್ಲವಲ್ಲ.

ನೀನು ಹೇಳಿದ ಹಾಗೆಯೇ ಮಾಡಿದ್ದೇವೆ. ಅಪ್ಪನನ್ನು ನಿಮ್ಮ ಆಸ್ಪತ್ರೆಯ ಮರೆವಿನ ಔಷಧಿಯ ಪ್ರಯೋಗಕ್ಕೆ ಸೇರಿಸಿದ್ದಾಯಿತು. ನರ್ಸಮ್ಮ ಮನೆಗೇ ಬಂದಿದ್ದರು. ಅಪ್ಪನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಪ್ಪ ದುಂಡಗೆ ಒಂದು ಗೆರೆ ಎಳೆದು, ಒಳಗೆ ಒಂದೇ ಒಂದು ಮುಳ್ಳು ಬರೆದು, "ಇದು ಕೆಟ್ಟಿದೆ, ಅಂಗಡಿಗೆ ತನ್ನಿ" ಅಂದರು. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವರಿಗೆ ಗಡಿಯಾರವೂ ತಕ್ಕಡಿಯ ಹಾಗೇ ಕಂಡಿರಬೇಕು. ಅಮ್ಮ ನಕ್ಕಳು. ನರ್ಸಮ್ಮನೂ ನಕ್ಕು, ಸೊನ್ನೆ ಹಾಕಿಕೊಂಡರು.

ನಿಯಮವನ್ನೆಲ್ಲ ಎರಡು ಸಲ ಓದಿ ಹೇಳಿದರು. ಬೆಳಗಿನ ತಿಂಡಿ ಆದ ಮೇಲೆ ಅಪ್ಪನಿಗೆ ಒಂದು ಗುಳಿಗೆ. ಒಳಗೆ ಸೂಕ್ಷ್ಮಜೀವಿಗಳ ಪುಡಿ ಇರಬಹುದು, ಬರಿ ಹಿಟ್ಟೂ ಇರಬಹುದು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲವಂತೆ. ಅಮ್ಮನಿಗೆ ಗುಳಿಗೆ ಇಲ್ಲ. ಅವಳು ಕಾಯಿಲೆ ಇಲ್ಲದವಳು, ಅದೇ ಮನೆಯಲ್ಲಿ ಅದೇ ಊಟ ಮಾಡುವವಳು, ಹೋಲಿಸಿ ನೋಡುವುದಕ್ಕೆ ಬೇಕು. ತಿಂಗಳಿಗೊಮ್ಮೆ ಇಬ್ಬರ ಮಲವನ್ನೂ ಸಣ್ಣ ಕೊಳವೆಯಲ್ಲಿ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಕಳಿಸಬೇಕು.

"ಈ ವಯಸ್ಸಲ್ಲಿ ಇದನ್ನೂ ಪಾರ್ಸಲ್ ಮಾಡೋ ಹಾಗಾಯ್ತಲ್ಲಪ್ಪ" ಅಂತ ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಕೊಳವೆ ಹಿಡಿದು ನೋಡಿ, "ತೂಕ ಕಡಿಮೆ ಬಂದ್ರೆ ವಾಪಸ್ ಕಳಿಸ್ತಾರಾ?" ಅಂದರು.

ನಾನು ಎಂದಿನಂತೆ. ಬೆಳಗ್ಗೆ ಬೇಗ ಕೆಳಗಿನ ಲಾಂಡ್ರಿಗೆ ಇಸ್ತ್ರಿಗೆ ಹೋಗುತ್ತೇನೆ. ಮಧ್ಯಾಹ್ನ ಬಂದು ಅಪ್ಪನಿಗೆ ಸ್ನಾನ ಮಾಡಿಸಿ ಮತ್ತೆ ಹೋಗುತ್ತೇನೆ. ಗುಳಿಗೆಯ ಕೆಲಸ ಅಮ್ಮ ವಹಿಸಿಕೊಂಡಿದ್ದಾಳೆ. ಬೆನ್ನು ನೋಯುತ್ತಿದೆ, ಇಲ್ಲಿಗೇ ನಿಲ್ಲಿಸುತ್ತೇನೆ.

ಇಂತಿ,
ನಿನ್ನ ಅಕ್ಕ

—

ಫೆಬ್ರವರಿ ೨೪

ಅಕ್ಕ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಬರಲಿಲ್ಲ.

ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಕೇಳಿಲ್ಲ. ಕೇಳುವಷ್ಟರಲ್ಲಿ ಜಗಳ ಆಗಿರುತ್ತದೆ. ಹೇಳುತ್ತೇನೆ. ಇಲ್ಲಿ ಒಳಗಿನ ಕೋಣೆ ಓದಿದವರದು. ಹೊರಗಿನ ತಣ್ಣನೆ ಕೋಣೆ ನನ್ನದು. ಊರೂರಿಂದ ಬರುವ ಡಬ್ಬಿ ಒಡೆದು, ಕೊಳವೆಗಳಿಗೆ ಹೊಸ ನಂಬರು ಅಂಟಿಸಿ, ಫ್ರೀಜರಿನ ಗೂಡಿನಲ್ಲಿ ಇಡುತ್ತೇನೆ. ಎರಡು ಸ್ವೆಟರ್ ಹಾಕಿಕೊಂಡರೂ ಬೆರಳು ಮರಗಟ್ಟುತ್ತವೆ. ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಈ ತಿಂಗಳು ಬಂದವುಗಳಲ್ಲಿ ಎರಡು ನಮ್ಮ ಮನೆಯವು. ಅಪ್ಪನಿಂದ ನನಗೆ ಒಂದು ಮಾತೂ ಬಾರದೆ ವರ್ಷವಾಯಿತು, ಇದಾದರೂ ಬಂತಲ್ಲ ಅಂದುಕೊಂಡೆ. ನಗಬೇಡ.

ಡಾಕ್ಟರ್ ಮೇಡಂ ನಮಗೂ ಅರ್ಥವಾಗುವ ಹಾಗೆ ಒಂದು ಸಲ ಹೇಳಿದ್ದರು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಬಾಡಿಗೆಗೆ ಇವೆ. ಕೆಲವು ಒಳ್ಳೆಯ ಬಾಡಿಗೆದಾರರು. ನಾವು ತಿಂದ ನಾರನ್ನು ಅರೆದು, ಮೈಯ ಉರಿಯೂತ ತಗ್ಗಿಸುವ ವಸ್ತು ಮಾಡಿ ಕೊಡುತ್ತವೆ. ಅವು ಕಡಿಮೆಯಾಗಿ ಬೇರೆಯವು ಹೆಚ್ಚಾದರೆ, ಉರಿಯೂತ ರಕ್ತದ ಮೂಲಕ ಮಿದುಳಿನವರೆಗೂ ಹೋಗಬಹುದು. ಹೊಟ್ಟೆಗೂ ಮಿದುಳಿಗೂ ಒಂದು ಉದ್ದನೆಯ ನರ ಬೇರೆ ಇದೆ. ಅಲ್ಜೈಮರ್ ಇರುವವರ ಕರುಳಿನ ಬಾಡಿಗೆದಾರರ ಗುಂಪು ಬೇರೆ ಥರ ಇರುತ್ತದೆ ಅಂತ ಕಂಡುಬಂದಿದೆಯಂತೆ. ಅದರಿಂದಲೇ ಮರೆವು ಬಂತೋ, ಮರೆವು ಬಂದು ಊಟ ಕೆಟ್ಟಿದ್ದರಿಂದ ಗುಂಪು ಬದಲಾಯಿತೋ, ಅದಿನ್ನೂ ಗೊತ್ತಿಲ್ಲ. ಇಲಿಗಳಲ್ಲಿ ಏನೋ ಕಂಡಿದೆ, ಮನುಷ್ಯರಲ್ಲಿ ನೋಡಬೇಕು ಅಂದರು.

"ಇನ್ನೂ ಗೊತ್ತಿಲ್ಲ" ಅನ್ನುವುದನ್ನು ಮೇಡಂ ಮೂರು ಸಲ ಹೇಳಿದರು. ನಾನು ಮಾತ್ರ "ನೋಡಬೇಕು" ಅನ್ನುವುದನ್ನೇ ಹಿಡಿದುಕೊಂಡು, ಅವರ ಕೋಣೆಯ ಬಾಗಿಲಲ್ಲಿ ನಿಂತು ಕೈ ಮುಗಿದು ಅಪ್ಪನನ್ನು ಸೇರಿಸಿದೆ. ದಯವಿಟ್ಟು ನಿಯಮ ತಪ್ಪಿಸಬೇಡಿ.

ನಿನ್ನ ತಂಗಿ

—

ಏಪ್ರಿಲ್ ೧೭

ಮೊಂಡಿ,

ತಡವಾಯಿತು. ಬರೆಯಲು ಕುಳಿತರೆ ಹಾಗೇ ನಿದ್ದೆ ಹತ್ತುತ್ತದೆ.

ಅಪ್ಪ ಈಗ ಮೇಜು, ಕುರ್ಚಿ, ಮಂಚ ಎಲ್ಲದರ ಕಾಲಿನ ಕೆಳಗೂ ಕಾಗದ ಮಡಚಿ ಇಡುತ್ತಾರೆ. "ಓರೆ ಇದೆ, ಓರೆ ಇದೆ" ಅನ್ನುತ್ತಾ ನೆಲಕ್ಕೆ ಕೆನ್ನೆ ಒತ್ತಿ ನೋಡುತ್ತಾರೆ. ನಾನು ಗುಡಿಸುವಾಗ ತೆಗೆಯುತ್ತೇನೆ, ಅವರು ಮತ್ತೆ ಇಡುತ್ತಾರೆ. ಹೋದ ವಾರ ಬಾಗಿಲು ತೆರೆದಿದ್ದು ಹಳೆ ಅಂಗಡಿಯವರೆಗೂ ನಡೆದು ಹೋಗಿದ್ದರು. ಅಲ್ಲೀಗ ಮೊಬೈಲ್ ಮಾರುತ್ತಾರಲ್ಲ, ಅಂಗಡಿಯವನಿಗೆ "ಯಾರಪ್ಪ ನೀನು, ಕೀಲಿ ಕೊಟ್ಟಿದ್ಯಾರು?" ಅಂತ ಜೋರು ಮಾಡಿದರಂತೆ. ಪಾಪ, ಅವನು ಕುರ್ಚಿ ಕೊಟ್ಟು, ಚಹಾ ಕುಡಿಸಿ, ನನಗೆ ಹೇಳಿ ಕಳಿಸಿದ. ಅಪ್ಪ ಅರ್ಧ ಲೋಟ ಕುಡಿದು ಉಳಿದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದರು. ಲೋಟ ವಾಪಸ್ ಕೊಡಲು ಮತ್ತೆ ನಾನು ಹೋಗಬೇಕಾಯಿತು.

ಒಂದು ವಿಷಯ ಹೇಳಬೇಕು, ಆದರೆ ನೀನು ಹಾರಾಡಬಾರದು. ಮೊನ್ನೆ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದೆ. ಅಪ್ಪ ನನ್ನ ಕೈ ಹಿಡಿದು, "ಇಸ್ತ್ರಿ ಬಿಸಿ ತಾಗಿದೆ ನಿಂಗೆ, ಏನಾದ್ರೂ ಹಚ್ಚಿದ್ಯಾ?" ಅಂದರು. ಒಂದು ವರ್ಷದಿಂದ ನಾನು ಯಾರು ಅಂತ ಕೇಳುತ್ತಿದ್ದವರು. ಗುಳಿಗೆಯಿಂದಲೋ, ಆ ಮಧ್ಯಾಹ್ನ ಚೆನ್ನಾಗಿತ್ತೋ. ಸಂಜೆಗೆ ಮತ್ತೆ ಕೇಳಿದರು, "ಬಟ್ಟೆ ಒಗೆಯೋಕೆ ಬಂದಿರೋಳು ಇವ್ಳೇನಾ?"

ಅಕ್ಕ

—

ಏಪ್ರಿಲ್ ೨೬

ಅಕ್ಕಾ! ಹಾರಾಡಬೇಡ ಅಂದರೆ ಹೇಗೆ! ಅವರು ನಿನ್ನ ಕೈ ನೋಡಿದರು, ಇಸ್ತ್ರಿ ಅಂತ ಗುರುತು ಹಿಡಿದರು. ನಾನು ಹೇಳಿರಲಿಲ್ಲವಾ? ಇನ್ನು ಆರು ತಿಂಗಳು ಹೀಗೇ ನಡೆಸು. ನಾನು ಇವತ್ತು ಫ್ರೀಜರ್ ಮುಂದೆ ಹಾಡು ಗುನುಗಿದೆ. ಜೊತೆಯವಳು "ಏನೇ, ಗಂಡು ಗೊತ್ತಾಯ್ತಾ?" ಅಂದಳು. ಹೌದು, ನಮ್ಮಪ್ಪ ಅಂದೆ.

ಮೊಂಡಿ

—

ಜೂನ್ ೮

ಮೊಂಡಿ,

ಈ ಕಾಗದವನ್ನು ಕೆಲಸದ ಜಾಗದಲ್ಲಿ ಓದಬೇಡ.

ಸೋಮವಾರ ನರ್ಸಮ್ಮ ಫೋನ್ ಮಾಡಿದ್ದರು. "ನಿಮ್ಮ ಮನೇಲಿ ಬೇರೆ ಯಾರಾದ್ರೂ ಗುಳಿಗೆ ತಗೋತಿದ್ದಾರಾ?" ಅಂತ ಕೇಳಿದರು. ಗುಳಿಗೆಯಲ್ಲಿರುವ ಜೀವಿ ಅಮ್ಮನ ಮಾದರಿಯಲ್ಲಿ ಸಿಕ್ಕಿದೆಯಂತೆ. ಒಂದೇ ಮನೆಯಲ್ಲಿದ್ದರೆ ಅಷ್ಟಿಷ್ಟು ಒಬ್ಬರಿಂದ ಒಬ್ಬರಿಗೆ ಬರುವುದು ಇದೆ, ಆದರೆ ಇದು ಅಷ್ಟಿಷ್ಟಲ್ಲ ಅಂದರು. ನನಗೆ ಸಿಟ್ಟು ಬಂತು. "ನಮ್ಮಮ್ಮ ಕದ್ದು ತಿನ್ನೋಳಲ್ಲ, ನೀವೇ ಡಬ್ಬಿ ಅದಲು ಬದಲು ಮಾಡಿರ್ತೀರ" ಅಂದೆ. ಅವರು ಮೆತ್ತಗೆ, "ಇರಬಹುದಮ್ಮ, ಮುಂದಿನ ತಿಂಗಳು ಬಂದಾಗ ಮಾತಾಡೋಣ" ಅಂದು ಇಟ್ಟರು.

ಮಾರನೆ ದಿನ ಲಾಂಡ್ರಿಗೆ ಹೋದವಳು ತಿಂಡಿಯ ಹೊತ್ತಿಗೆ ಮೇಲೆ ಬಂದು ಬಾಗಿಲ ಸಂದಿಯಲ್ಲಿ ನಿಂತೆ.

ಅಮ್ಮ ಗುಳಿಗೆಯನ್ನು ಅಪ್ಪನ ಅಂಗೈಯಲ್ಲಿ ಇಟ್ಟಳು. ಅಪ್ಪ ಕಿಟಕಿ ಪಕ್ಕದ ಮೇಜಿಗೆ ಹೋಗಿ ಹಳೆ ಪೇಪರಿನ ಚೂರು ಹಾಸಿದರು. ಎರಡು ಬೆರಳಲ್ಲಿ ಗುಳಿಗೆ ತಿರುವಿ ಬಿಚ್ಚಿದರು. ಪುಡಿ ಸುರಿದು, ಬ್ಲೇಡಿನ ಹಿಂಬದಿಯಿಂದ ನಡುವೆ ಗೆರೆ ಎಳೆದು ಎರಡು ಗುಡ್ಡೆ ಮಾಡಿದರು. ತಲೆ ಬಗ್ಗಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಆ ಗುಡ್ಡೆಯಿಂದ ಒಂದಿಷ್ಟು ಈ ಗುಡ್ಡೆಗೆ ತಳ್ಳಿದರು. ಮತ್ತೆ ನೋಡಿದರು. ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೈ ಅದು. ಒಂದು ಚೂರೂ ನಡುಗಲಿಲ್ಲ.

"ಇವ್ಳೇ, ತಗೋ. ನಿಂದು."

"ಮೊದ್ಲು ನೀವು ತಗೊಳ್ರೀ."

"ಹೂಂ ಹೂಂ. ಮೊದ್ಲು ನೀನು."

ಅಮ್ಮ ನಾಲಿಗೆಗೆ ಹಾಕಿಕೊಂಡು ನೀರು ಕುಡಿದಳು. ಅದೇ ಲೋಟದಲ್ಲಿ ಅವರೂ ಕುಡಿದರು.

ನಮಗೆ ಹೊಳೆಯಬೇಕಿತ್ತು. ನಾವು ಚಿಕ್ಕವರಿದ್ದಾಗ ಅಮ್ಮನಿಗೆ ತಲೆನೋವು ಬಂದರೆ ಅಪ್ಪ ಮಾತ್ರೆ ಮುರಿದು ಅರ್ಧ ತಾವೂ ನುಂಗುತ್ತಿದ್ದರಲ್ಲ, ನಿನಗೆ ಜೊತೆ ಇರಲಿ ಅಂತ. ಅಮ್ಮನನ್ನು ಕೇಳಿದೆ. "ಅವ್ರಿಗೆ ನನ್ನ ಹೆಸ್ರು ಬರಲ್ಲ ಕಣೇ. ಈ ಮನೇಲಿ ಒಬ್ಳಿದ್ದಾಳೆ, ಅವ್ಳಿಗೆ ಅರ್ಧ ಕೊಡ್ಬೇಕು ಅನ್ನೋದೊಂದು ಉಳ್ಕೊಂಡಿದೆ. ಬೇಡ ಅನ್ನು ಅಂದ್ರೆ ಹೆಂಗನ್ಲಿ?" ಅಂದಳು.

ಮೊದಲ ದಿನದಿಂದಲೂ ಹೀಗೇ ನಡೆದಿದೆ. ನರ್ಸಮ್ಮನಿಗೆ ಹೇಳಿದರೆ ಪ್ರಯೋಗದಿಂದ ತೆಗೆಯುತ್ತಾರೆ. ಹೇಳದಿದ್ದರೆ? ನೀನೇ ಹೇಳು.

ಅಕ್ಕ

—

ಜೂನ್ ೧೪

ಅಕ್ಕ,

ಹೇಳಬೇಡ. ಕಾಲು ಹಿಡಿಯುತ್ತೇನೆ, ಹೇಳಬೇಡ.

ಇದರಿಂದ ಒಂದು ಗೊತ್ತಾಯಿತು ನೋಡು. ಅಪ್ಪನಿಗೆ ಸಿಕ್ಕಿರುವುದು ಬರಿ ಹಿಟ್ಟಲ್ಲ, ನಿಜವಾದ ಗುಳಿಗೆ. ಅದರಲ್ಲೂ ಅರ್ಧವೇ ಅವರಿಗೆ ಹೋಗಿದೆ. ಬಿಚ್ಚಿ ತಿಂದರೆ ಹೊಟ್ಟೆಯ ಹುಳಿಗೆ ಸಿಕ್ಕಿ ಬಹಳಷ್ಟು ಜೀವಿಗಳು ದಾರಿಯಲ್ಲೇ ಸಾಯುತ್ತವೆ, ಅದಕ್ಕೇ ಹೊರಗಿನ ಸಿಪ್ಪೆ. ಅಷ್ಟು ಕಡಿಮೆಯಲ್ಲೇ ನಿನ್ನ ಕೈ ಗುರುತು ಹಿಡಿದವರು, ಇಡೀ ಗುಳಿಗೆ ನುಂಗಿದರೆ ಹೇಗಿರಬಹುದು?

ಗುಳಿಗೆ ಹೊತ್ತಿಗೆ ಅಮ್ಮನನ್ನು ಕೆಳಗೆ ಕಳಿಸು. ನೀನೇ ಎದುರು ಕುಳಿತು ನುಂಗಿಸು. ನಾನು ಇಷ್ಟು ದೂರದಲ್ಲಿ ಐಸಿನ ಮಧ್ಯೆ ನಿಂತು ಇವರಿಗೋಸ್ಕರ ಒದ್ದಾಡುತ್ತಿದ್ದೇನೆ. ನೀನು ಹತ್ತಿರದಲ್ಲೇ ಇದ್ದೀಯ. ಒಂದು ಗುಳಿಗೆ ನುಂಗಿಸಲು ಆಗುವುದಿಲ್ಲವಾ?

ತಂಗಿ

—

ಜೂನ್ ೩೦

ಮೊಂಡಿ,

ನಿನ್ನ ಕೊನೆಯ ಸಾಲು ಓದಿ ಕಾಗದ ಮಡಚಿಟ್ಟು ಒಂದು ಮೂಟೆ ಅಂಗಿ ಇಸ್ತ್ರಿ ಮಾಡಿದೆ. ಕಾಲರುಗಳು ಇಷ್ಟು ಗರಿಗರಿಯಾಗಿ ಯಾವತ್ತೂ ಬಂದಿರಲಿಲ್ಲ ಅಂತ ಧಣಿ ಹೊಗಳಿದರು.

ನೀನು ಹೇಳಿದ ಹಾಗೆ ಮಾಡಿ ನೋಡಿದೆ. ಲಾಂಡ್ರಿಗೆ ತಡವಾಗಿ ಬರುತ್ತೇನೆ ಅಂತ ಕೇಳಿಕೊಂಡೆ. ಅಮ್ಮನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ ಬಂದು ಗುಳಿಗೆ ಕೊಟ್ಟೆ. ಅಪ್ಪ ಬಿಚ್ಚಿದರು, ಭಾಗ ಮಾಡಿದರು, ತಲೆ ಎತ್ತಿ ನೋಡಿದರು. ಕೋಣೆಯಲ್ಲಿ ನಾನೊಬ್ಬಳೇ. ನನಗೆ ಕೊಡಲಿಲ್ಲ. ಅಡುಗೆಮನೆ, ಬಚ್ಚಲು, ಬಾಗಿಲ ಹಿಂದೆ ಎಲ್ಲ ನೋಡಿ ಬಂದರು. "ಅಪ್ಪ, ಅದನ್ನ ನೀವೇ ತಗೊಳ್ಳಿ" ಅಂದೆ. "ಇದು ಅವಳ್ದು, ನೀವು ಮುಟ್ಟಬೇಡಿ" ಅಂದರು. ನೀವು ಅಂದರು. ತಮ್ಮ ಪಾಲನ್ನೂ ತಿನ್ನಲಿಲ್ಲ. ಅವಳ ಪಾಲನ್ನು ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬಳಿ ನಿಂತೇ ಇದ್ದರು. ಬೆವರಿಗೆ ಪುಡಿ ಅಂಟಾಗಿ ಕೈಗೆ ಮೆತ್ತಿಕೊಂಡಿತು.

ಮಾರನೆ ದಿನ ಬಾಳೆಹಣ್ಣಿನೊಳಗೆ ಹುದುಗಿಸಿ ಕೊಟ್ಟೆ. ಹಣ್ಣನ್ನು ನಡುವೆ ಮುರಿದರು. ಒಳಗೆ ಗುಳಿಗೆ ಕಂಡಿತು. ಅದನ್ನೂ ಬಿಚ್ಚಿದರು. ನನ್ನನ್ನು ನೋಡಿದ ರೀತಿಗೆ ನನಗೆ ನಾಚಿಕೆಯಾಯಿತು ಕಣೆ, ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನು ನೋಡಿದ ಹಾಗೆ.

ಮೂರನೇ ದಿನ ಬಾಯಿ ಹಿಡಿದು ಹಾಕಿದೆ. ಉಗಿದರು. ಕೈ ಎತ್ತಿದರು, ಹೊಡೆಯಲಿಲ್ಲ. ಕೆಳಗೆ ಮೆಟ್ಟಿಲ ಮೇಲೆ ಅಮ್ಮನಿಗೆ ಅದೆಲ್ಲ ಕೇಳಿಸಿತ್ತು. ಮೇಲೆ ಬಂದು, "ಸಾಕು ಬಿಡು" ಅಂದಳು. ಅವಳು ಕುಳಿತ ಕೂಡಲೇ ಅಪ್ಪ ಸುಮ್ಮನಾಗಿ ಪೇಪರ್ ಹಾಸಿದರು.

ಒಂದು ಗುಳಿಗೆ ನುಂಗಿಸಲು ನನ್ನಿಂದ ಆಗಲಿಲ್ಲ. ನೀನು ಬಂದು ನುಂಗಿಸು.

ಅಕ್ಕ

—

ಜುಲೈ ೧೫

ಮೊಂಡಿ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಇದನ್ನು ತಿಳಿಸಲೇಬೇಕು.

ನಿನ್ನೆ ನರ್ಸಮ್ಮ ಬಂದಿದ್ದರು. ನಿನ್ನ ಮಾತಿನಂತೆ ಸುಳ್ಳು ಹೇಳಬೇಕು ಅಂತಲೇ ನಾನು ತಯಾರಾಗಿದ್ದೆ. ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟಳು.

"ನಾನೇ ತಿಂದಿದ್ದು. ದಿನಾ ಅರ್ಧ."

ನರ್ಸಮ್ಮ ಪೆನ್ನು ಕೆಳಗಿಟ್ಟರು. "ಅವ್ರು ಪ್ರೀತಿಯಿಂದ ಕೊಟ್ರು, ನೀವು ಇಲ್ಲ ಅನ್ನೋಕಾಗ್ಲಿಲ್ಲ. ಗೊತ್ತಾಗುತ್ತೆ ಅಜ್ಜಿ" ಅಂದರು.

"ಪ್ರೀತಿ ಗೀತಿ ಇರ್ಲಿ. ನಂಗೂ ಬೇಕಿತ್ತು."

ನನಗೆ ಅರ್ಥವಾಗಲಿಲ್ಲ. ನರ್ಸಮ್ಮನಿಗೆ ಆಯಿತು ಅಂತ ಕಾಣುತ್ತದೆ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅಮ್ಮ ನನ್ನನ್ನು ನೋಡದೆ ಅವರಿಗೇ ಹೇಳುತ್ತಾ ಹೋದಳು. ಸಾಬೂನು ತರಲು ಹೋದವಳಿಗೆ ವಾಪಸ್ ಬರುವಾಗ ನಮ್ಮ ಮೆಟ್ಟಿಲು ಯಾವುದು ಅಂತ ತಿಳಿಯಲಿಲ್ಲವಂತೆ. ಲಾಂಡ್ರಿಯ ಹಬೆ ವಾಸನೆ ಹಿಡಿದು ಮನೆ ಹುಡುಕಿದಳಂತೆ. ಹಾಲು ಕಾಯಿಸಿದ್ದೇನೋ ಇಲ್ಲವೋ ಅಂತ ಪಾತ್ರೆ ಮುಟ್ಟಿ ನೋಡಿಕೊಳ್ಳುತ್ತಾಳಂತೆ. ಹೋದ ಚಳಿಗಾಲದಿಂದಲೇ ಶುರು. ಅಂದರೆ ಪ್ರಯೋಗಕ್ಕೆ ಸೇರುವ ಮೊದಲೇ. ಕಾಯಿಲೆ ಇಲ್ಲದವಳು ಅಂತ ಇವಳನ್ನು ಅಪ್ಪನ ಜೊತೆ ಇಟ್ಟು ಹೋಲಿಸಿ ನೋಡುತ್ತಿದ್ದರು, ನೋಡು.

"ಯಾಕಜ್ಜಿ ಹೇಳ್ಲಿಲ್ಲ?"

"ಹೇಳಿದ್ರೆ ಅವ್ರನ್ನ ಸೇರಿಸ್ಕೋತಿದ್ರಾ ನೀವು? ಗಂಡ ಹೆಂಡ್ತಿ ಇಬ್ರೂ ಹಿಂಗಾದ್ರೆ ಈ ಹುಡುಗಿ ಗತಿ ಏನು? ಅವ್ರು ಕೊಟ್ಟ ಪುಡೀನ ದಿನಾ ಅದನ್ನೇ ನೆನಸ್ಕೊಂಡು ನುಂಗಿದೀನಿ. ನನ್ನ ಮರೆವೊಂದಾದ್ರೂ ನಿಲ್ಲಲಿ ಅಂತ."

ಅಪ್ಪ ಅಷ್ಟು ಹೊತ್ತೂ ನರ್ಸಮ್ಮನ ಚೀಲದ ಪಟ್ಟಿಯನ್ನು ಎರಡೂ ಕಡೆ ಸಮ ಬರುವ ಹಾಗೆ ಎಳೆದು ಎಳೆದು ನೋಡುತ್ತಿದ್ದರು.

ಇಬ್ಬರನ್ನೂ ಪ್ರಯೋಗದಿಂದ ತೆಗೆಯಬೇಕಾಗುತ್ತದೆ ಅಂದರು ನರ್ಸಮ್ಮ. ಉಳಿದ ಗುಳಿಗೆಗಳನ್ನು ತೆಗೆದುಕೊಂಡರು. ಬಾಗಿಲವರೆಗೆ ಹೋದವರು ಗೋಡೆ ಹಿಡಿದು ನಿಂತು ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ. ಅವರನ್ನು ಮತ್ತೆ ಒಳಗೆ ಕರೆದು ಚಹಾ ಮಾಡಿಕೊಟ್ಟೆ. ಚಹಾ ಮಾಡುವಾಗ ಒಂದೇ ಯೋಚನೆ ಬಂತು: ಇಬ್ಬರಿಗೂ ಸ್ನಾನ ಮಾಡಿಸುವ ಹೊತ್ತಿಗೆ ಲಾಂಡ್ರಿ ಮುಚ್ಚಿರುತ್ತದೆ.

ಅಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದಳು. "ಬೈಯ್ಯೇ" ಅಂದಳು. ಬೈಯಲಿಲ್ಲ. ಏಲಕ್ಕಿ ಡಬ್ಬಿ ಎಲ್ಲಿದೆ ಅಂತ ಕೇಳಿದೆ. ಅವಳು ಯೋಚಿಸಿ ಸರಿಯಾಗಿ ಹೇಳಿದಳು. ನಾವಿಬ್ಬರೂ ಬಹಳ ಖುಷಿಪಟ್ಟೆವು.

ಅಕ್ಕ

—

ಜುಲೈ ೨೨

ಅಕ್ಕ,

ಹೋದ ಸಲ ಉತ್ತರ ಬರೆದು ಹರಿದೆ. ಮೂರು ಸಲ. ಎಲ್ಲದರಲ್ಲೂ ನಾನೇ ಸರಿ ಅಂತ ಬರೆದಿದ್ದೆ.

ಮೇಡಂ ಕರೆದಿದ್ದರು. ಬೈಯುತ್ತಾರೆ ಅಂದುಕೊಂಡು ಹೋದೆ. ಕುಳಿತುಕೋ ಅಂದರು. ನಾನು ಕೇಳಿದೆ, "ಮೇಡಂ, ಅರ್ಧ ಅರ್ಧ ತಿಂದದ್ದರಿಂದ ಇಬ್ಬರಿಗೂ ಸ್ವಲ್ಪವಾದರೂ ಒಳ್ಳೆಯದಾಗಿರಬಹುದಾ?" ಅವರು, "ನಿನಗೆ ಹೌದು ಅನ್ನಬೇಕು ಅಂತ ನನಗೂ ಆಸೆ ಇದೆ. ಆದರೆ ನೂರಾರು ಜನರ ಮಾದರಿ ನೋಡಿದ ಮೇಲೂ ನನಗೆ ಗೊತ್ತಿಲ್ಲ" ಅಂದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು, ನಿನ್ನದೂ ಹೀಗೇ ಇರಬೇಕು ಅಂದುಕೊಂಡೆ. ಅಮ್ಮನನ್ನು ಬೇಗ ಪರೀಕ್ಷೆಗೆ ಕರೆದುಕೊಂಡು ಬರಲು ಹೇಳಿದ್ದಾರೆ. ಮರೆವು ಬೇರೆ ಕಾರಣದಿಂದಲೂ ಇರಬಹುದು, ಅದನ್ನು ಮೊದಲು ನೋಡೋಣ ಅಂದರು. ಈ ಸಲ ನಾನು ಆ ಮಾತನ್ನು ಹಿಡಿದುಕೊಂಡು ಕುಣಿಯುವುದಿಲ್ಲ.

ಭಾನುವಾರದ ಬಸ್ಸಿಗೆ ಹೊರಡುತ್ತಿದ್ದೇನೆ. ರಜೆ ಸಿಕ್ಕಿದೆ. ಮುಗಿದ ಮೇಲೆ ಏನು ಅಂತ ಕೇಳಬೇಡ, ಗೊತ್ತಿಲ್ಲ. ಬಹಳ ವರ್ಷವಾಯಿತು, ನನ್ನನ್ನು ಯಾರೂ ಗುರುತು ಹಿಡಿಯದಿದ್ದರೆ ಏನು ಮಾಡಲಿ ಅಂತ ಹೆದರಿಕೆ ಆಗುತ್ತಿದೆ. ಇಷ್ಟು ದಿನ ಬರದೆ ಇದ್ದದ್ದೂ ಅದಕ್ಕೇ ಇರಬೇಕು.

ನಿನ್ನ ಮೊಂಡಿ

—

ಜುಲೈ ೨೫

ಮೊಂಡಿ,

ಇದು ನಿನ್ನ ಕೈಗೆ ಸಿಗುವುದೋ, ಅಷ್ಟರಲ್ಲಿ ನೀನು ಹೊರಟಿರುತ್ತೀಯೋ. ಆದರೂ ಬರೆಯುತ್ತೇನೆ.

ಬಸ್ಸು ಇಳಿದು ನೇರ ಮೇಲೆ ಬಾ. ಹೆದರಬೇಡ. ಅಪ್ಪ ಬಾಗಿಲು ತೆಗೆದರೆ, ನೀನು ಯಾರ ಮಗಳು ಅಂತ ನಿಧಾನವಾಗಿ ಹೇಳು. ಒಪ್ಪದಿದ್ದರೆ ತಕ್ಕಡಿ ರಿಪೇರಿಗೆ ತಂದಿದ್ದೇನೆ ಅನ್ನು, ಒಳಗೆ ಬಿಡುತ್ತಾರೆ. ಅಮ್ಮ ತೆಗೆದರೆ ಅವಳನ್ನು ಪರೀಕ್ಷೆ ಮಾಡಬೇಡ. "ನಾನ್ಯಾರು ಹೇಳು ನೋಡೋಣ" ಅಂತ ಆಟ ಆಡಬೇಡ. ನಿನ್ನ ಹೆಸರು ನೀನೇ ಮೊದಲು ಹೇಳಿಬಿಡು.

ನಾನು ತೆಗೆದರೆ ಏನೂ ಮಾತಾಡಿಸಬೇಡ. ಚೀಲ ಒಳಗಿಟ್ಟು, ಅಡುಗೆಮನೆಯ ಕಡೆ ಹೋಗು. ನಾನು ಮಲಗುತ್ತೇನೆ.

ಅಕ್ಕ